ಭಾನುವಾರಕ್ಕೆ ಮುಟ್ಟಾಳೆ ಮರೆಯಬೇಡಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 4ಕ್ಕೆ ನಮ್ಮ ವಾಚನಾಲಯದ ಜಗಲಿಯಲ್ಲಿ ಸೇರುತ್ತೇವೆ. ಈ ಸಲದ ಮಾತುಕತೆ ಲಂಡನ್ ಡಿಸೈನ್ ಫೆಸ್ಟಿವಲ್ ಬಗ್ಗೆ.

2003ರಲ್ಲಿ ಜಾನ್ ಸೊರೆಲ್ ಮತ್ತು ಬೆನ್ ಇವಾನ್ಸ್ ಶುರು ಮಾಡಿದ್ದು. ಪ್ರತಿ ಸೆಪ್ಟೆಂಬರಿನಲ್ಲಿ ನಡೆಯುತ್ತದೆ. ಒಂದೇ ಸಭಾಂಗಣದಲ್ಲಿ ಅಲ್ಲ, ಊರಿಡೀ: ಮ್ಯೂಸಿಯಂ, ಅಂಗಡಿ, ಬೀದಿ, ಚೌಕ. ನಮ್ಮ ಕುಂಬಳೆ ದೇವಸ್ಥಾನದ ಜಾತ್ರೆ, ಆಯನದ ಗೌಜಿ ಅನ್ನಿ, ದೇವರು ಮಾತ್ರ ಇಲ್ಲ! 2016ರಲ್ಲಿ ಅಲ್ಲಿ 34 ಮೀಟರ್ ಉದ್ದದ ಮರದ ಕೊಳವೆಯೊಂದನ್ನು ನಿಲ್ಲಿಸಿದ್ದರು. ನಗುವ ತುಟಿಯ ಹಾಗೆ ಬಾಗಿದ್ದು, ಎರಡು ತುದಿಯೂ ಗಾಳಿಯಲ್ಲಿ. ಜನ ಅದರೊಳಗೆ ನಡೆದು ಹೋಗಬಹುದಿತ್ತು. ಫೋಟೋ ತೋರಿಸುತ್ತೇನೆ.

ಬರುವಾಗ ಮನೆಯಿಂದ ಒಳ್ಳೆಯ ಡಿಸೈನಿನ ಒಂದು ವಸ್ತು ತನ್ನಿ. ನಾನು ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯ ಟೋಪಿ, ತರುತ್ತೇನೆ. ಬಿಸಿಲಿಗೂ ಆಯಿತು, ತಲೆಹೊರೆಗೂ ಆಯಿತು, ಖರ್ಚು ಸೊನ್ನೆ. ಇದಕ್ಕಿಂತ ಡಿಸೈನ್ ಬೇಕಾ? ಕಾಸರಗೋಡು ಸೀರೆ ಇರುವ ಅಕ್ಕಂದಿರು ಅದನ್ನೂ ತನ್ನಿ. ಪ್ಲಾಸ್ಟಿಕ್ ಹೂದಾನಿ ದಯವಿಟ್ಟು ಬೇಡ, ಹೋದ ಸಲ ಮೂರು ಬಂದಿತ್ತು.

ಬರುವವರು ಶನಿವಾರದೊಳಗೆ ಇಲ್ಲೇ ಹೆಸರು ಹಾಕಿ, ಚಹಾ–ಗೋಳಿಬಜೆಗೆ ಲೆಕ್ಕ ಬೇಕು. ಸುಮ್ನೆ ಹೆಬ್ಬೆರಳಿನ ಇಮೋಜಿ ಒತ್ತಿದರೆ ಬರುತ್ತೀರೋ ಇಲ್ಲವೋ ಗೊತ್ತಾಗುವುದಿಲ್ಲ.