ಎರಡು ಕುರ್ಚಿ ಹಾಕಿ ಕೂತವರಿಗೆ

ತಮ್ಮ ಕುಡಿತ ಬಿಟ್ಟು ಈ ನೂಲ ಹುಣ್ಣಿಮೆಯ ಹೊತ್ತಿಗೆ ಒಂದು ವರ್ಷ ದಾಟಿತು. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ‘ನನ್ನ ಹೆಸರೊಂದು ಬೇಡ ಅಕ್ಕ, ಬಾಕಿದ್ದೆಲ್ಲ ಬರಿ’ ಅಂದ. ಅವನನ್ನು ಕೈಹಿಡಿದು ನಡೆಸಿದವರ ಹೆಸರನ್ನೂ ನಾನು ಹಾಕುವ ಹಾಗಿಲ್ಲ. ಕುಡಿತ ಬಿಡುವವರು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ) ಕೂಟದಲ್ಲಿ ಯಾರ ಹೆಸರನ್ನೂ ಹೊರಗೆ ಹೇಳುವ ಕ್ರಮವಿಲ್ಲ. ಹಾಗಾಗಿ ಇದು ಹೆಸರಿಲ್ಲದ ಕೃತಜ್ಞತೆ. ಓದಿದವರಿಗೆ ತಮ್ಮ ಪಾಲು ಯಾವುದು ಎಂದು ಗೊತ್ತಾಗುತ್ತದೆ.

ಇದರ ನಡುವೆ ಒಂದು ಭಯದ ಧಾರಾವಾಹಿಯ ಮಾತೂ ಬರುತ್ತದೆ. ಅದನ್ನು ಬಿಟ್ಟು ಹೇಳಲು ನನಗೆ ಬರುವುದಿಲ್ಲ. ಮೈಕ್ ಫ್ಲಾನಗನ್ ನಿರ್ದೇಶಿಸಿದ ‘ಮಿಡ್‌ನೈಟ್ ಮಾಸ್’, ಏಳು ಕಂತು, 2021ರ ಸೆಪ್ಟೆಂಬರಿನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದದ್ದು. ನೋಡದವರು ನೋಡಿಯೇ ಮುಂದೆ ಓದುವುದಾದರೆ ಹಾಗೇ ಮಾಡಿ, ಕಥೆಯ ಗುಟ್ಟು ಇಲ್ಲಿ ಬಿಚ್ಚಿಯಾಗಿದೆ.

ಕ್ರಾಕೆಟ್ ಎಂಬ ದ್ವೀಪ, ನೂರ ಚಿಲ್ಲರೆ ಜನ. ಎಣ್ಣೆ ಸೋರಿ ಕಡಲು ಕೆಟ್ಟು ಮೀನುಗಾರಿಕೆ ಕುಸಿದಿದೆ, ಹೋಗಿ ಬರಲು ಫೆರಿಯೊಂದೇ ಗತಿ. ಕೋಡಿ ಬೆಂಗ್ರೆಯಲ್ಲಿ ಹುಟ್ಟಿ ಬೆಳೆದ ನಮಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ. ಒಂದು ಕಡೆ ಕಡಲು, ಇನ್ನೊಂದು ಕಡೆ ಸುವರ್ಣಾ ನದಿ, ಆಚೆ ಹಂಗಾರಕಟ್ಟೆಗೆ ಹೋಗಬೇಕಾದರೆ ದೋಣಿ ಕಡವು ದಾಟಬೇಕು. ಇಂಥ ಊರಲ್ಲಿ ಒಬ್ಬ ಕುಡಿದರೆ ಅದು ಅವನ ಮನೆಯ ವಿಷಯವಾಗಿ ಉಳಿಯುವುದಿಲ್ಲ. ಕಥೆಯ ರೈಲಿಯೂ ಹಾಗೆಯೇ ಊರಿಗೆ ಮರಳುತ್ತಾನೆ. ಕುಡಿದು ಕಾರು ಓಡಿಸಿ ಒಬ್ಬ ಹುಡುಗಿಯ ಸಾವಿಗೆ ಕಾರಣನಾಗಿ ನಾಲ್ಕು ವರ್ಷ ಜೈಲಲ್ಲಿದ್ದವನು. ಪ್ರತಿ ರಾತ್ರಿ ಆ ಹುಡುಗಿ ಅವನ ಕೋಣೆಯಲ್ಲಿ ನಿಂತಿರುತ್ತಾಳೆ, ಮುಖದಲ್ಲಿ ಗಾಜಿನ ಚೂರು.

ಆ ದೃಶ್ಯ ಬಂದಾಗ ತಮ್ಮ ನಿಲ್ಲಿಸಿ ಎದ್ದು ಹೋದ. ಕುಡಿತ ನಿಲ್ಲಿಸಿದ ಮೊದಲ ದಿನಗಳಲ್ಲಿ ಅವನೂ ಹೀಗೆ ಗೋಡೆಯ ಹತ್ತಿರ ಯಾರನ್ನೋ ಕಂಡು ಕೂಗಿದ್ದ, ಕೈಕಾಲು ನಡುಗುತ್ತಿತ್ತು. ಅಮ್ಮ ದೈವದ ಉಪದ್ರ ಎಂದೇ ನಂಬಿದ್ದರು. ಆಗ ಆಸ್ಪತ್ರೆಗೆ ಹೊತ್ತು ನಡೆದ ನೆರೆಯ ಹುಡುಗರಿಗೆ ನನ್ನ ಮೊದಲ ಕೃತಜ್ಞತೆ. ಬಹಳ ವರ್ಷ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವಕ್ಕೂ ಅಪಾಯ ಉಂಟು ಎಂದು ಡಾಕ್ಟರು ಅಮ್ಮನ ಪಕ್ಕ ಕೂತು ತಾಳ್ಮೆಯಿಂದ ಹೇಳಿದರು. ಡಾಕ್ಟರೇ, ಆ ರಾತ್ರಿ ಅಮ್ಮನಿಗೆ ಬೈಯದೆ ಹೇಳಿದಿರಲ್ಲ, ಅದನ್ನು ಮರೆಯಲಾರೆ.

ಆಮೇಲೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಮತ್ತು ಜನಜಾಗೃತಿ ವೇದಿಕೆಯವರು ನಡೆಸುವ ಮದ್ಯವರ್ಜನ ಶಿಬಿರ. ಜೂನ್, ಜುಲೈಯಲ್ಲಿ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ದುಡಿಮೆಯಿಲ್ಲ, ಮಳೆ ಬಿಡುವುದಿಲ್ಲ, ಕುಡಿತ ಜಾಸ್ತಿಯಾಗುವುದೂ ಆಗಲೇ. ಆ ಸಮಯದಲ್ಲೇ ಶಿಬಿರ ಸಿಕ್ಕಿದ್ದು ನಮ್ಮ ಪುಣ್ಯ. ಅಲ್ಲಿ ಅಡುಗೆ ಮಾಡಿದವರಿಗೆ, ಭಜನೆ ಹೇಳಿಸಿದವರಿಗೆ, ಎಲ್ಲಕ್ಕಿಂತ ಹೆಚ್ಚಾಗಿ ತಾವೂ ಒಮ್ಮೆ ಹೀಗೇ ಬಂದು ಕೂತವರು ಎಂದು ಎದ್ದು ನಿಂತು ಹೇಳಿದ ನವಜೀವನ ಸಮಿತಿಯ ಅಣ್ಣಂದಿರಿಗೆ ನಮಸ್ಕಾರ.

ಈಗ ಧಾರಾವಾಹಿಯ ಮುಖ್ಯ ವಿಷಯ. ದ್ವೀಪಕ್ಕೆ ಹೊಸ ಪಾದ್ರಿ ಬರುತ್ತಾರೆ, ಅವರ ಹಿಂದೆಯೇ ಪವಾಡಗಳು. ಗಾಲಿಕುರ್ಚಿಯ ಹುಡುಗಿ ಲೀಝಾ ಎದ್ದು ನಡೆಯುತ್ತಾಳೆ, ಮುದುಕರು ಎಳೆಯರಾಗುತ್ತಾರೆ. ಕಾರಣ, ಪೂಜೆಯ ದ್ರಾಕ್ಷಾರಸದಲ್ಲಿ ಪಾದ್ರಿ ಯಾರಿಗೂ ಹೇಳದೆ ಬೆರೆಸಿದ ರಕ್ತ, ತಾವು ದೇವದೂತ ಎಂದು ನಂಬಿದ ರಕ್ತಪಿಪಾಸುವಿನದು. ಪಾದ್ರಿ ದುಷ್ಟರಲ್ಲ, ತಮ್ಮವರಿಗೆ ಆಯುಸ್ಸು ಕೊಡಿಸಲು ಹೊರಟವರು. ನನಗೆ ಅತಿ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಅದೇ. ಯಾಕೆಂದರೆ ನಮ್ಮ ಮನೆಗೂ ಅಂಥ ಪೊಟ್ಟಣ ಬಂದಿತ್ತು. ‘ಸಾರಿಗೆ ಬೆರೆಸಿ ಕೊಡಿ, ಅವನಿಗೆ ಗೊತ್ತೇ ಆಗುವುದಿಲ್ಲ, ಕುಡಿತ ತಾನಾಗಿ ಬಿಡ್ತದೆ’ ಎಂದು ನೆಂಟರೊಬ್ಬರು ತಂದುಕೊಟ್ಟ ಪುಡಿ. ಪ್ರೀತಿಯಿಂದಲೇ ತಂದದ್ದು. ಅಂಥ ಪುಡಿಯಲ್ಲಿ ಏನಿರುತ್ತದೆಂದು ಹೇಳಲಾಗದು, ಡೈಸಲ್ಫಿರಾಮ್‌ನಂಥ ಮದ್ದಿದ್ದು ಅದರ ಮೇಲೆ ಕುಡಿದರೆ ಪ್ರಾಣಕ್ಕೇ ಕುತ್ತು, ರೋಗಿಗೆ ತಿಳಿಸದೆ ಕೊಡಲೇಬಾರದು ಎಂದು ಆಸ್ಪತ್ರೆಯ ಸಿಸ್ಟರ್ ಎಚ್ಚರಿಸಿದರು. ಅಮ್ಮ ಪೊಟ್ಟಣವನ್ನು ಅವರ ಕೈಗೇ ಕೊಟ್ಟರು. ಸಿಸ್ಟರ್, ನಿಮ್ಮ ಆ ಎರಡು ನಿಮಿಷ ನಮ್ಮ ಮನೆಯನ್ನು ಕಾಯ್ದಿದೆ.

ಅದೇ ಪಾದ್ರಿ ಇನ್ನೊಂದು ಕೆಲಸವನ್ನೂ ಮಾಡುತ್ತಾರೆ. ರೈಲಿ ಎಎ ಸಭೆಗೆಂದು ಫೆರಿ ಹತ್ತಿ ಹೊರಗೆ ಹೋಗಬೇಕಾಗಿಲ್ಲ ಎಂದು ಊರಿನ ಸಭಾಭವನದಲ್ಲೇ ಎರಡು ಕುರ್ಚಿ ಹಾಕಿ ಎದುರು ಬದುರು ಕೂರುತ್ತಾರೆ. ಸಂಗೀತವಿಲ್ಲ, ಪವಾಡವಿಲ್ಲ, ಬರೀ ಮಾತು, ಅದೂ ಜಗಳದ ಮಾತು. ಏಳು ಕಂತುಗಳಲ್ಲಿ ನನಗೆ ಅತ್ಯಂತ ಪವಿತ್ರವೆನಿಸಿದ್ದು ಈ ದೃಶ್ಯಗಳೇ. ಲೀಝಾಳಿಗೆ ಗುಂಡು ತಗುಲಿಸಿದ ಕುಡುಕ, ಜೋ ಕಾಲಿ ಎಂಬವನಿಗೂ ಮುಂದೆ ಅಲ್ಲಿ ಒಂದು ಕುರ್ಚಿ ಸಿಗುತ್ತದೆ. ಅದಕ್ಕೆ ಮೊದಲು ಲೀಝಾ ಅವನ ಬಾಗಿಲಿಗೇ ಹೋಗಿ, ನೀನು ನನ್ನಿಂದ ಏನೆಲ್ಲ ಕಿತ್ತುಕೊಂಡೆ ಎಂದು ಒಂದೂ ಬಿಡದೆ ಹೇಳಿ ಕ್ಷಮಿಸುತ್ತಾಳೆ. ಅವಳು ನಡೆದದ್ದಕ್ಕಿಂತ ದೊಡ್ಡದು ಅದು. ಫ್ಲಾನಗನ್ ಸ್ವತಃ ಕುಡಿತ ಬಿಟ್ಟವರು, ಬಾಲ್ಯದಲ್ಲಿ ಚರ್ಚಿನ ಪೂಜಾ ಸೇವಕರಾಗಿದ್ದವರು. ಗೊತ್ತಿದ್ದವರ ಕೈ ಬರಹ ಕಾಣುತ್ತದೆ.

ತಮ್ಮನ ಕುರ್ಚಿಯ ಎದುರು ಕೂತವರು ಬ್ರಹ್ಮಾವರದ ಕಡೆಯ ಹಿರಿಯರೊಬ್ಬರು. ಸಭೆ ಇಲ್ಲದ ದಿನವೂ ಅವನು ಫೋನು ಮಾಡಿದರೆ ಎತ್ತಿದಿರಿ. ಉಪದೇಶ ಮಾಡಲಿಲ್ಲ, ‘ಇವತ್ತು ಒಂದು ದಿನ ನೋಡುವ ಮಾರಾಯ’ ಅಂದಿರಿ. ನಿಮಗೆ ನಾನು ಏನು ಕೊಟ್ಟರೂ ಕಡಿಮೆ.

ಸಭೆ ಮುಗಿದು ಅವನು ಬರುವಾಗ ತಡವಾದರೂ ಕಾದು ದಾಟಿಸಿದ ಕಡವಿನ ದೋಣಿಯವರಿಗೆ. ಆಳ ಸಮುದ್ರಕ್ಕೆ ಹೋದರೆ ಹತ್ತು ಹನ್ನೆರಡು ದಿನ ಸಭೆ ತಪ್ಪುತ್ತದೆ ಎಂದು ತಿಳಿದು, ಮೊದಲ ತಿಂಗಳುಗಳಲ್ಲಿ ಮಲ್ಪೆಯ ದಕ್ಕೆಯಲ್ಲೇ ಬಲೆ ಸರಿಮಾಡುವ ಕೆಲಸ ಕೊಟ್ಟು, ಪಾಲು ಕಡಿಮೆ ಮಾಡದ ಬೋಟಿನ ತಂಡೇಲರಿಗೆ. ಮದುವೆಯೂಟಕ್ಕೆ ಕರೆದು, ಗ್ಲಾಸು ಅವನ ಹತ್ತಿರ ಸುಳಿಯದ ಹಾಗೆ ನೋಡಿಕೊಂಡ ಅವನ ಗೆಳೆಯರಿಗೆ.

ಬಾಯಮ್ಮನ ಋಣ ಬೇರೆಯೇ. ಪಕ್ಕದ ಮನೆಯವರು, ಸಂಜೆ ಜಪಸರ ಹಿಡಿದು ಬಂದು ನಮ್ಮೊಟ್ಟಿಗೆ ಕೂತು ಧಾರಾವಾಹಿ ನೋಡಿದರು. ಬೂದಿ ಬುಧವಾರ, ಪಾಪನಿವೇದನೆ, ಈಸ್ಟರ್ ಜಾಗರಣೆ ಎಂದರೇನೆಂದು ಅಮ್ಮನಿಗೆ ಕನ್ನಡದಲ್ಲಿ ತಿಳಿಸಿದ್ದು ಅವರೇ. ಅವರ ಮನಸ್ಸಿಗೆ ನೋವಾದೀತೆಂದು ನನಗೆ ಅಳುಕಿತ್ತು. ‘ಪ್ರಸಾದದ್ದು ತಪ್ಪಲ್ಲ ಮಗಾ, ಬೆರೆಸಿದವರದ್ದು’ ಅಂದರು. ಕಥೆಯಲ್ಲಿ ದ್ವೀಪದ ಪೊಲೀಸ್ ಅಧಿಕಾರಿ, ಮುಸ್ಲಿಂ ಶೆರಿಫ್ ಹಸನ್, ತನ್ನ ಮಗನ ಶಾಲೆಯಲ್ಲಿ ಬೈಬಲ್ ಹಂಚಿದ್ದನ್ನು ಶಾಲೆಯ ಸಭೆಯಲ್ಲಿ ಮೆತ್ತಗೆ ಪ್ರಶ್ನಿಸಿದಾಗ, ಅವನ ಪರ ಮೊದಲು ತಲೆಯಾಡಿಸಿದ್ದೂ ಬಾಯಮ್ಮನೇ.

ಕೊನೆಗೆ ತಮ್ಮನಿಗೆ. ತಾನೂ ರಕ್ತಪಿಪಾಸುವಾಗಿ ಬಿಟ್ಟ ರೈಲಿ, ಬಿಸಿಲಿಗೆ ಸುಟ್ಟು ಸಾಯುತ್ತೇನೆಂದು ಗೊತ್ತಿದ್ದೇ ದೋಣಿಯಲ್ಲಿ ಸೂರ್ಯೋದಯಕ್ಕೆ ಕಾಯುವ ದೃಶ್ಯ ಮುಗಿದಾಗ ನೀನು ಹೇಳಿದ್ದು ಇಲ್ಲಿ ಬರೆಯಲಾ ಎಂದು ನಾನು ಕೇಳಿದೆ, ನೀನು ಬರಿ ಅಂದೆ: ‘ಅವನಿಗೆ ಮನೆಗೆ ಬರಲಿಕ್ಕೆ ಆಗಲಿಲ್ಲ. ನನಗೆ ಆಯ್ತು.’

ಮೇಲೆ ಹೇಳಿದ ಎಲ್ಲರೂ ಬರುವ ಆದಿತ್ಯವಾರ ಮಧ್ಯಾಹ್ನ ನಮ್ಮಲ್ಲಿಗೆ ಊಟಕ್ಕೆ ಬರಬೇಕು. ಬಂಗುಡೆ ಪುಳಿಮುಂಚಿ ಅಮ್ಮನದು, ಕೋರಿ ರೊಟ್ಟಿ ನನ್ನದು. ಮೀನು ತಿನ್ನದವರಿಗೆ ಬಸಳೆ ಉಂಟು. ಮನೆಯಲ್ಲಿ ಇಂಥದೇ ಕಷ್ಟ ಇರುವವರು ಆ ಹಿರಿಯರ ಹತ್ತಿರ ಮಾತಾಡಬೇಕೆಂದಿದ್ದರೆ ನನಗೆ ಹೇಳಿ, ಅವರು ಒಪ್ಪಿದ್ದಾರೆ.