ಹಾಲಿನ ಬಿಲ್ಲೇ ಆದಾಯವಲ್ಲ

ಮಾನ್ಯರೇ,

ಬಿಪಿಎಲ್ ಕಾರ್ಡು ರದ್ದತಿಯ ಸುದ್ದಿ ಬಂದಾಗಲೆಲ್ಲ ಚರ್ಚೆ ‘ಅನರ್ಹರು ಎಷ್ಟು ಮಂದಿ’ ಎಂಬಲ್ಲಿಗೆ ನಿಂತುಬಿಡುತ್ತದೆ. ಅರ್ಹತೆಯ ಗೆರೆ ಕುಟುಂಬಕ್ಕೆ ವರ್ಷಕ್ಕೆ 1.20 ಲಕ್ಷ ರೂಪಾಯಿ ಆದಾಯ. ಒಂದು ಮನೆ ಆ ಗೆರೆಯ ಆಚೆಗಿದೆಯೋ ಈಚೆಗಿದೆಯೋ ಎಂದು ಲೆಕ್ಕ ಹಾಕುವುದು ಹೇಗೆ ಎಂಬ ಪ್ರಶ್ನೆ ಮಾತ್ರ ಏಳುವುದೇ ಇಲ್ಲ.

ಎರಡು ಸೀಮೆ ಹಸು ಸಾಕಿದ ಮನೆಯೊಂದನ್ನು ನೋಡಿ. ಡೇರಿಗೆ ದಿನಕ್ಕೆ 12 ಲೀಟರ್, ಲೀಟರಿಗೆ 35 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳ ಬಿಲ್ಲು 12,600. ವರ್ಷಕ್ಕೆ 1,51,200 ಆಗಿ ಮನೆ ಎಪಿಎಲ್ ಆಯಿತು. ಈಗ ಖರ್ಚು ಕಳೆಯಿರಿ. ಹಿಂಡಿ, ಬೂಸಾ ಸೇರಿ ದಿನಕ್ಕೆ 9 ಕೆ.ಜಿ., ಕೆ.ಜಿ.ಗೆ 25 ರೂಪಾಯಿಯಂತೆ ತಿಂಗಳಿಗೆ 6,750. ಉಳಿಯುವುದು 5,850, ಅಂದರೆ ವರ್ಷಕ್ಕೆ 70,200. ಅದೇ ಮನೆ ಬಿಪಿಎಲ್! ಇನ್ನೂ ಡಾಕ್ಟರ ಖರ್ಚನ್ನಾಗಲಿ, ಹಸು ಹಾಲು ಬತ್ತಿಸುವ ಎರಡು ತಿಂಗಳನ್ನಾಗಲಿ ಕಳೆದಿಲ್ಲ. ಹಾಲಿಗೆ ಸರ್ಕಾರ ಕೊಡುವ ಪ್ರೋತ್ಸಾಹಧನ ಬೇರೆ ದಾರಿಯಲ್ಲಿ, ತಡವಾಗಿ ಖಾತೆಗೆ ಬರುತ್ತದೆ. ಮನೆಗೆ ಉಳಿಸಿಕೊಂಡ ಹಾಲನ್ನು ಯಾರೂ ಬರೆದುಕೊಳ್ಳುವುದಿಲ್ಲ. ‘ವರ್ಷಕ್ಕೆ ಆದಾಯ ಎಷ್ಟು?’ ಎಂದು ಒಂದೇ ಪ್ರಶ್ನೆ ಕೇಳಿದರೆ ಈ ಮನೆಯಿಂದ ಸರಿಯಾದ ಉತ್ತರ ಹೇಗೆ ಸಿಕ್ಕೀತು? ನಾಡಕಚೇರಿಯ ಆದಾಯ ಪ್ರಮಾಣಪತ್ರದಲ್ಲಿ ಇರುವುದು ಮಾತ್ರ ಒಂದೇ ಒಂದು ಅಂಕಿ, ಅದೂ ಐದು ವರ್ಷ ಚಾಲ್ತಿಯಲ್ಲಿರುತ್ತದೆ.

ಗೆರೆಯೂ ವಾಸ್ತವಕ್ಕೆ ದೂರ. 2022-23ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಗ್ರಾಮೀಣ ಕರ್ನಾಟಕದಲ್ಲಿ ತಲಾ ಮಾಸಿಕ ಸರಾಸರಿ ವೆಚ್ಚ 4,397 ರೂಪಾಯಿ. ನಾಲ್ವರ ಮನೆಗೆ ವರ್ಷಕ್ಕೆ 2.11 ಲಕ್ಷ. ಜೊತೆಗೆ ಮಿತಿ ಇರುವುದು ಇಡೀ ಕುಟುಂಬಕ್ಕೆ. ಇಬ್ಬರಿರುವ ಮನೆಯಲ್ಲಿ ತಲೆಗೆ ತಿಂಗಳಿಗೆ 5,000 ಬಂದರೂ ಅರ್ಹರು, ಏಳು ಜನರ ಮನೆಯಲ್ಲಿ 1,500 ಬಂದರೆ ಅನರ್ಹರು. ಇದನ್ನು ತಲಾವಾರು ಮಾಡಲು ಇಷ್ಟು ವರ್ಷ ಏನು ಅಡ್ಡಿಯಿತ್ತೋ ತಿಳಿಯದು.

ರಾಷ್ಟ್ರಮಟ್ಟದ ಗೃಹ ಆದಾಯ ಸಮೀಕ್ಷೆ ನಡೆಸುವುದಾಗಿ ಕೇಂದ್ರ ಅಂಕಿಸಂಖ್ಯೆ ಸಚಿವಾಲಯ 2025ರಲ್ಲಿ ಪ್ರಕಟಿಸಿತು. 1950 ಮತ್ತು 60ರ ದಶಕಗಳಲ್ಲೂ ಇಂಥ ಪ್ರಯತ್ನ ನಡೆದಿತ್ತು. ಜನ ಹೇಳಿದ ಆದಾಯ ಅವರ ಖರ್ಚು ಮತ್ತು ಉಳಿತಾಯದ ಮೊತ್ತಕ್ಕಿಂತ ಕಡಿಮೆ ಬಂದು ಕೆಲಸ ಅಲ್ಲಿಗೇ ನಿಂತಿತು. ಆದಾಯ ಮುಚ್ಚಿಡುವುದಷ್ಟೇ ಇದಕ್ಕೆ ಕಾರಣವಲ್ಲ. ಅಡಿಕೆ, ರಾಗಿ, ಮಾವಿನ ಹಣ ವರ್ಷದಲ್ಲಿ ಒಂದೆರಡು ಸಲ ಬರುತ್ತದೆ. ಉದ್ಯೋಗದ ಲೆಕ್ಕಕ್ಕೆ ಕೇಂದ್ರ ಈಗ ನಡೆಸುವ ಶ್ರಮಬಲ ಸಮೀಕ್ಷೆ ಸ್ವಂತ ಉದ್ಯೋಗಿಗಳನ್ನು ಕೇಳುವುದು ಹಿಂದಿನ 30 ದಿನಗಳ ಗಳಿಕೆಯನ್ನು. ಕೊಯ್ಲಿಗೆ ಮುಂಚೆ ಹೋದರೆ ಸೊನ್ನೆ, ಆಮೇಲೆ ಹೋದರೆ ಸಾಹುಕಾರ. ಹಾಲು ಕರೆಯುವ ಹೆಂಡತಿ ಆ ಸಮೀಕ್ಷೆಯಲ್ಲಿ ಉದ್ಯೋಗಸ್ಥೆಯೇ, ಆದರೆ ಸಂಬಳವಿಲ್ಲದ ಸಹಾಯಕಿ. ಗಳಿಕೆಯೆಲ್ಲ ಗಂಡನ ಹೆಸರಿಗೆ.

ಹಾಗಾಗಿ ಬೆಳೆಗೆ ಹಿಂದಿನ 12 ತಿಂಗಳು, ಹಾಲಿಗೆ 30 ದಿನ, ಕೂಲಿಗೆ 7 ದಿನ ಎಂದು ಬೇರೆ ಬೇರೆ ಕೇಳಬೇಕು. ಮೊದಲು ಖರ್ಚು ಬರೆದುಕೊಂಡು ಆಮೇಲೆ ಮಾರಾಟ ಕೇಳಿದರೆ ಲೆಕ್ಕ ಹತ್ತಿರ ಬರುತ್ತದೆ. ಬೆಂಗಳೂರಿನಲ್ಲಿರುವ ಮಗನ ಸಂಬಳ ಊರಿನ ಮನೆಯ ಆದಾಯವಲ್ಲ, ಅವನು ಕಳಿಸುವ ಹಣ ಮಾತ್ರ ಆದಾಯ. ಗೃಹಲಕ್ಷ್ಮಿಯ 24,000 ರೂಪಾಯಿಗೆ ಪ್ರತ್ಯೇಕ ಕಲಂ ಇರಲಿ. ಅದನ್ನು ‘ಇತರೆ’ಗೆ ಸೇರಿಸಿದರೆ ನೆರವಿಲ್ಲದೆ ಮನೆ ಎಲ್ಲಿ ನಿಲ್ಲುತ್ತಿತ್ತು ಎಂಬುದೇ ತಿಳಿಯುವುದಿಲ್ಲ.

ಇಷ್ಟು ಮಾಡಿಯೂ ‘ಕಾರ್ಡು ಹೋದೀತು’ ಎಂಬ ಭಯವಿದ್ದರೆ ಜನ ಬಾಯಿ ಬಿಡುವುದಿಲ್ಲ. 2008ರ ಅಂಕಿಸಂಖ್ಯೆ ಸಂಗ್ರಹಣಾ ಕಾಯ್ದೆಯಡಿ ಪಡೆದ ಮಾಹಿತಿಯನ್ನು ಅಂಕಿಸಂಖ್ಯೆಯ ಉದ್ದೇಶಕ್ಕಲ್ಲದೆ ಬೇರೆಯದಕ್ಕೆ ಬಳಸುವಂತಿಲ್ಲ. ಗಣತಿದಾರರು ಇದನ್ನು ಕನ್ನಡದಲ್ಲಿ ಅಚ್ಚಾದ ಚೀಟಿಯಾಗಿ ಮನೆಯವರ ಕೈಗೆ ಕೊಟ್ಟು ಪ್ರಶ್ನೆ ಶುರು ಮಾಡಲಿ. ಸಮೀಕ್ಷೆಯ ವೇಳೆ ಅದೇ ಊರಿನಲ್ಲಿ ಕಾರ್ಡು ಪರಿಶೀಲನೆಯನ್ನು ಆಹಾರ ಇಲಾಖೆ ಇಟ್ಟುಕೊಳ್ಳದಿರಲಿ.

– ಸಮೀಕ್ಷಾ ಕೆಲಸದಲ್ಲಿರುವ ಓದುಗರು, ತುಮಕೂರು