ಮಾಡಿಂಗ್ ಟೂಲ್ ಮನವಿ: ಭಾನುವಾರ ರಾತ್ರಿ 9ರೊಳಗೆ ನಿಮ್ಮ ಬೇಡಿಕೆ ಕಳಿಸಿ

ಎಲ್ಲರಿಗೂ ನಮಸ್ಕಾರ 🙏

ನಾವು ಆಡುತ್ತಿರುವ ಸ್ಟ್ರಾಟಜಿ ಗೇಮಿಗೆ ಮಾಡಿಂಗ್ ಟೂಲ್ (ಆಟವನ್ನು ನಾವೇ ತಿದ್ದಿ ಬದಲಿಸಲು, ಅಂದರೆ ಮಾಡ್ ಮಾಡಲು ಬೇಕಾದ ಸಾಧನ) ಕೊಡಿ ಎಂದು ತಯಾರಕರಿಗೆ ಸೋಮವಾರ ಮನವಿ ಹೋಗುತ್ತದೆ. ಮಾಡ್ ಮಾಡುವವರಷ್ಟೇ ಅಲ್ಲ, ಹಾಕಿಕೊಂಡು ಆಡುವವರೂ ಬರೆಯಿರಿ.

"ಟೂಲ್ ಬೇಕು" ಎಂದಷ್ಟೇ ಬರೆದರೆ ಯಾರೂ ಓದುವುದಿಲ್ಲ. ಯಾವ ಕೆಲಸ ಎಲ್ಲಿ ನಿಲ್ಲುತ್ತಿದೆ, ಅದನ್ನು ಹೇಳಿ. ಯೂನಿಟ್‌ನ ಬೆಲೆ, ಬಲ ಟೆಕ್ಸ್ಟ್ ಫೈಲಿನಲ್ಲಿದ್ದರೆ ನೋಟ್‌ಪ್ಯಾಡೇ ಸಾಕು. ಎಐ (ಕಂಪ್ಯೂಟರ್ ಆಡುವ ಎದುರಾಳಿ) ಯಾವಾಗ ದಾಳಿ ಮಾಡಬೇಕು ಎಂಬ ಲೆಕ್ಕ ಮಾತ್ರ ಹೆಚ್ಚಾಗಿ ಪ್ರೋಗ್ರಾಮಿನೊಳಗೇ ಹುದುಗಿರುತ್ತದೆ. 2005ರ ಸಿವಿಲೈಸೇಶನ್ 4ರಲ್ಲಿ ಎಕ್ಸ್‌ಎಂಎಲ್, ಪೈಥಾನ್ ಫೈಲುಗಳೆರಡೂ (ಆಟದ ಅಂಕಿಅಂಶ ಮತ್ತು ಸ್ಕ್ರಿಪ್ಟ್) ತಿದ್ದಲು ತೆರೆದಿದ್ದವು. ಆದರೂ ಎಐಯನ್ನು ಆಳವಾಗಿ ತಿದ್ದಲು ಡಿಎಲ್‌ಎಲ್ ಸೋರ್ಸ್ (ಆಟದ ಒಳಗಿನ ಪ್ರೋಗ್ರಾಮಿನ ಮೂಲ ಕೋಡ್) ಬರುವವರೆಗೆ ಕಾಯಬೇಕಾಯಿತು. ವಾರ್‌ಕ್ರಾಫ್ಟ್ 3ರ ಜೊತೆ ವರ್ಲ್ಡ್ ಎಡಿಟರ್ (ಮ್ಯಾಪ್ ಕಟ್ಟುವ ಟೂಲ್) ಬಂದದ್ದರಿಂದಲೇ ಡೋಟಾ ಎಂಬ ಮಾಡ್ ಹುಟ್ಟಿತು. ಈ ಎರಡು ಉದಾಹರಣೆ ಮನವಿಯಲ್ಲಿ ಈಗಾಗಲೇ ಇವೆ, ಮತ್ತೆ ಬೇಡ.

ನನ್ನ ಮಟ್ಟಿಗೆ ಮ್ಯಾಪ್ ಎಡಿಟರ್‌ಗಿಂತ ಮೊದಲು ಬೇಕಾದದ್ದು ಸರಿಯಾದ ಎರರ್ ಲಾಗ್, ಅಂದರೆ ಎಲ್ಲಿ ತಪ್ಪಾಯಿತು ಎಂದು ಬರೆದಿಡುವ ಫೈಲ್. ಹಾರ್ಟ್ಸ್ ಆಫ್ ಐರನ್ 4ರಲ್ಲಿ ಹೆಸರುಗಳ ವೈಎಂಎಲ್ ಫೈಲನ್ನು ಬಿಒಎಂ (ಫೈಲಿನ ಆರಂಭದಲ್ಲಿರುವ, ಕಣ್ಣಿಗೆ ಕಾಣದ ಗುರುತು) ಇಲ್ಲದ ಯುಟಿಎಫ್-8ರಲ್ಲಿ ಸೇವ್ ಮಾಡಿದರೆ, ಪರದೆಯ ಮೇಲೆ ಹೆಸರಿನ ಜಾಗದಲ್ಲಿ ಕೋಡ್ ಕಾಣುತ್ತದೆ. ಲಾಗ್ ಇಲ್ಲದಿದ್ದರೆ ಇಂಥದ್ದನ್ನು ಹುಡುಕುವುದು ಕತ್ತಲಲ್ಲಿ ಸೂಜಿ ತಡಕಿದ ಹಾಗೆ.

ಮಲ್ಟಿಪ್ಲೇಯರ್ ಆಡುವವರು ಚೆಕ್‌ಸಮ್ (ಎಲ್ಲರ ಆಟದ ಫೈಲುಗಳೂ ಒಂದೇ ಎಂದು ತಾಳೆ ನೋಡುವ ಸಂಕೇತ) ಹೊಂದದೆ ಕನೆಕ್ಷನ್ ತಪ್ಪುವುದನ್ನೂ ಬರೆಯಿರಿ. ಮಾಡ್ ಪಟ್ಟಿ, ಆವೃತ್ತಿ ಸಂಖ್ಯೆ ಎರಡೂ ಇರಲಿ.

ಒಬ್ಬರಿಗೆ ಒಂದೇ ಮೆಸೇಜ್, ಮೂರು ಸಾಲು ಸಾಕು: ಏನು ಮಾಡಲು ಹೊರಟಿರಿ, ಎಲ್ಲಿ ಸಿಕ್ಕಿಬಿತ್ತು, ಯಾವ ಫೈಲ್ ತೆರೆದುಕೊಡಬೇಕು. ಸ್ಕ್ರೀನ್‌ಶಾಟ್ ಇದ್ದರೆ ಹಾಕಿ. ಬರೆಯಲು ಏನೂ ಇಲ್ಲದವರು 👍 ಒತ್ತಿ, ಸಹಿ ಹಾಕಿದವರ ಲೆಕ್ಕಕ್ಕೆ ಸೇರಿಸುತ್ತೇವೆ.